ಹೆರಿಗೆ ಆಸ್ಪತ್ರೆ ಬೇಕೇ? ಮೊದಲು ಪಹಣಿ ತೆಗೆಸಿ

ಹೆರಿಗೆ ಆಸ್ಪತ್ರೆಗೆ ಮನವಿ ಕೊಡುವವರು ಸಾಮಾನ್ಯವಾಗಿ ಕೇಳುವುದು ಕಟ್ಟಡ, ಲೇಡಿ ಡಾಕ್ಟರ್, ಆಂಬುಲೆನ್ಸ್. ಜಾಗ ಯಾರ ಹೆಸರಲ್ಲಿದೆ ಅಂತ ಕೇಳುವವರು ಕಡಿಮೆ. ಆದರೆ ಅನುದಾನ ಬಂದ ಮೇಲೂ ಫೈಲು ಕೂತುಬಿಡುವುದು ಅಲ್ಲೇ. 'ನಿವೇಶನದ ದಾಖಲೆ ಲಗತ್ತಿಸಿಲ್ಲ' ಅಂತ ಯಾರಾದರೂ ಒಂದು ಸಾಲು ಬರೆದರೆ ಮುಗೀತು, ಹಣ ಪಕ್ಕದ ತಾಲ್ಲೂಕಿನ ಪಾಲಾಗುತ್ತದೆ. ದಾಖಲೆ ಇಲ್ಲದೆ ಕಟ್ಟಿಬಿಟ್ಟರೆ ಇನ್ನೂ ಕಷ್ಟ. ಹತ್ತಿಪ್ಪತ್ತು ವರ್ಷ ಬಿಟ್ಟು ದಾನಿಯ ಮೊಮ್ಮಗ ಬಂದು ಗೇಟಿಗೆ ಬೀಗ ಹಾಕುತ್ತಾನೆ.

ಈ ಬರಹ ಯಾದಗಿರಿ ಜಿಲ್ಲೆಯವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಶಹಾಪುರ, ಸುರಪುರ, ಗುರುಮಠಕಲ್, ವಡಗೇರಾ, ಹುಣಸಗಿ ಕಡೆಯವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲಬುರಗಿ, ಬೀದರ್‌ನವರಿಗೂ ದಾರಿ ಇದೇ. ಮೂರೂ ಜಿಲ್ಲೆ ನಿಜಾಮರ ಆಡಳಿತದಲ್ಲಿದ್ದವು, ಹಳೆಯ ದಾಖಲೆಗಳ ತೊಡಕೂ ಒಂದೇ ತರಹ.

ಎಲ್ಲಕ್ಕಿಂತ ಮೊದಲು: ಹೊಸ ಜಾಗ ನಿಜವಾಗಿ ಬೇಕಾ?

ಸರ್ಕಾರದ ಮಾನದಂಡದಲ್ಲಿ ಬಯಲು ಪ್ರದೇಶದ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಸಣ್ಣ ಊರಲ್ಲಿ ಪ್ರತ್ಯೇಕ ಹೆರಿಗೆ ಆಸ್ಪತ್ರೆ ಕೇಳಿದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಈಗಾಗಲೇ ಇರುವ ಸಮುದಾಯ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ಕಾಂಪೌಂಡಿನಲ್ಲೇ ತಾಯಿ-ಮಗು ಘಟಕ ಕೇಳಿ, ಇದು ನನ್ನ ಸಲಹೆ. ಸಿಸೇರಿಯನ್‌ಗೆ ಅರಿವಳಿಕೆ ಡಾಕ್ಟರ್ ಬೇಕು, ರಕ್ತ ಬೇಕು, ರಾತ್ರಿ ಲ್ಯಾಬ್ ಬೇಕು. ಊರ ಹೊರಗೆ ಒಂಟಿ ಕಟ್ಟಡ ಕಟ್ಟಿ ಇವನ್ನೆಲ್ಲ ಅಲ್ಲಿಗೆ ತರುವುದು ಸುಮ್ನೆ ಆಗುವ ಮಾತಲ್ಲ.

ಆಗಲೂ ಪ್ರಶ್ನೆ ಅದೇ: ಹಳೆ ಆಸ್ಪತ್ರೆಯ ಕಾಂಪೌಂಡು ಯಾರ ಹೆಸರಲ್ಲಿದೆ? ಅಲ್ಲಿಂದ ಶುರು ಮಾಡೋಣ.

ಹಂತ 1: ಸರ್ವೆ ನಂಬರ್ ಹಿಡಿಯಿರಿ

ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದ ನಟ್ಟನಡುವೆ ನಿಂತು ನೋಡಿ. ಸರ್ವೆ ನಂಬರ್ ಬರುತ್ತದೆ. ನಾಲ್ಕೂ ಮೂಲೆಗೆ ಹೋಗಿ ಇನ್ನೊಮ್ಮೆ ನೋಡಿ, ಒಂದು ಮೂಲೆ ಬೇರೆ ನಂಬರಿನಲ್ಲಿರುವುದು ಅಪರೂಪವೇನಲ್ಲ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಇದು ಸುಳಿವು ಅಷ್ಟೇ. ಗಡಿ ತೀರ್ಮಾನ ಮಾಡುವುದು ಸರ್ವೆಯವರ ಸರಪಳಿ.

ಹಂತ 2: ಪಹಣಿ ಓದಿ

ಭೂಮಿ ಪೋರ್ಟಲ್‌ನಲ್ಲಿ ಅಥವಾ ನಾಡಕಚೇರಿಯಲ್ಲಿ ಪಹಣಿ (ಆರ್‌ಟಿಸಿ) ಸಿಗುತ್ತದೆ. ತುಂಬ ಜನ ಹೆಸರೊಂದು ನೋಡಿ ಮಡಚಿಡುತ್ತಾರೆ. ಪೂರ್ತಿ ಓದಿ.

ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರಡಿ ಖರಾಬು. 'ಅ' ಖರಾಬು ಸಾಗುವಳಿಗೆ ಬಾರದ ಜಮೀನು, ಹಿಡುವಳಿದಾರನ ಜೊತೆಗೇ ಹೋಗುತ್ತದೆ. 'ಬ' ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ದಾನ ಕೊಡಲು ಯಾರಿಗೂ ಬರುವುದಿಲ್ಲ. 'ಎರಡು ಎಕರೆ ಕೊಟ್ಟೆ' ಅಂತ ಹಾರ ಹಾಕಿಸಿಕೊಂಡವರ ಪಹಣಿಯಲ್ಲಿ ಅರ್ಧ ಎಕರೆ ಹಳ್ಳವೇ ಇರಬಹುದು!

ಕಾಲಂ 9ರಲ್ಲಿ ಖಾತೆದಾರರ ಹೆಸರು. ಕಾಲಂ 10ರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು, ಮ್ಯುಟೇಷನ್ (ಖಾತೆ ಬದಲಾವಣೆ) ನಂಬರ್ ಸಮೇತ. ಆ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಬೇಕು. ಕಾಲಂ 11ರಲ್ಲಿ ಬ್ಯಾಂಕ್ ಸಾಲ, ಕೋರ್ಟ್ ತಡೆಯಾಜ್ಞೆ, ವಕ್ಫ್ ಅಥವಾ ಮುಜರಾಯಿ ನಮೂದು ಇದ್ದರೆ ಕಾಣುತ್ತದೆ. ಇಲ್ಲಿ ಏನಾದರೂ ಇದ್ದರೆ ಅದು ಬಗೆಹರಿಯುವ ತನಕ ಮುಂದೆ ಹೋಗಬೇಡಿ. ಕಾಲಂ 12ರಲ್ಲಿ ಸಾಗುವಳಿ ವಿವರ. ಆಸ್ಪತ್ರೆ ನಿಂತ ಜಾಗದಲ್ಲಿ ಇನ್ನೂ ತೊಗರಿ ಬೆಳೆ ನಮೂದಾಗಿದ್ದರೆ, ಕಾಗದದ ಮಟ್ಟಿಗೆ ಅಲ್ಲಿ ಆಸ್ಪತ್ರೆಯೇ ಇಲ್ಲ ಅಂತ ಅರ್ಥ.

ಕಾಲಂ 9ರಲ್ಲಿ 'ಸರ್ಕಾರ', 'ಗಾಯರಾಣ' (ಗೋಮಾಳ), 'ಖಾರಿಜ್ ಖಾತಾ' (ಯಾರ ಖಾತೆಯಲ್ಲೂ ಇಲ್ಲದ ಸರ್ಕಾರಿ ಜಮೀನು) ಅಂತ ಇದ್ದರೆ ನಿರಾಳ ಅನಿಸುತ್ತದೆ ಅಲ್ವಾ? ಪೂರ್ತಿ ನಿರಾಳ ಬೇಡ. ಅದು ಸರ್ಕಾರದ್ದು ನಿಜ, ಆರೋಗ್ಯ ಇಲಾಖೆಯದಾಗಿಲ್ಲ. ನಾಳೆ ಅದೇ ಜಾಗ ವಿದ್ಯುತ್ ಉಪಕೇಂದ್ರಕ್ಕೋ ನಿವೇಶನಕ್ಕೋ ಹೋಗಬಹುದು. ಪಹಣಿಯಲ್ಲಿ ಆಸ್ಪತ್ರೆಯ ಹೆಸರು ಕೂರಬೇಕು.

ಇನ್ನೊಂದು ಮಾತು. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಬೇರೆ ಅಂತ ಸಾಬೀತಾಗುವ ತನಕ ಪಹಣಿಯ ನಮೂದನ್ನು ನಿಜ ಅಂತ ಭಾವಿಸುತ್ತಾರೆ. ಅಂದರೆ ಪಹಣಿಯೇ ಹಕ್ಕುಪತ್ರವಾಗುವುದಿಲ್ಲ. ಅದರ ಹಿಂದೆ ಒಂದು ಆದೇಶವೋ ನೋಂದಾಯಿತ ಪತ್ರವೋ ಇರಲೇಬೇಕು.

ಹಂತ 3: ಹಿಂದಕ್ಕೆ ಹೋಗಿ

ಬೇರೆ ಕಡೆಯವರಿಗಿಂತ ನಮಗೆ ಕೆಲಸ ಜಾಸ್ತಿ ಇರುವುದು ಇಲ್ಲಿ. 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಆ ಕಾಲದ ಬುನಾದಿ ದಾಖಲೆ ಅಂದರೆ 1954-55ರ ಖಾಸ್ರಾ ಪಹಣಿ. ಆಗ ಜಾಗ ಯಾರ ಹೆಸರಲ್ಲಿತ್ತು, ಇನಾಂ ಜಮೀನಾಗಿತ್ತಾ, ಸರ್ಕಾರಿ ಪಡ (ಬೀಳು) ಆಗಿತ್ತಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಅದಕ್ಕೂ ಹಳೆಯ ಕಾಗದ ಉರ್ದುವಿನಲ್ಲಿರುತ್ತವೆ, ವರ್ಷ ನಿಜಾಮರ ಕಾಲದ ಫಸಲಿ ಲೆಕ್ಕದಲ್ಲಿರುತ್ತದೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. 1340 ಫಸಲಿ ಅಂದರೆ 1930ರ ಆಸುಪಾಸು. ಬೀದರ್ ಕಡೆ ಮರಾಠಿ ಕಾಗದವೂ ಸಿಗುತ್ತವೆ. ಓದಲು ಬರುವ ಹಿರಿಯರನ್ನು ಕೇಳಿ ಅರ್ಥ ತಿಳಿದುಕೊಳ್ಳಿ. ಕೋರ್ಟಿಗೆ ಹಾಕುವುದಿದ್ದರೆ ಮಾತ್ರ ಅಧಿಕೃತ ಅನುವಾದ ಮಾಡಿಸಿ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಕೆಲಸ ಶುರುಮಾಡಿದ್ದು 2010ರಲ್ಲಿ. ಅದಕ್ಕೂ ಹಿಂದಿನ ಜಿಲ್ಲಾಧಿಕಾರಿ ಆದೇಶ ಯಾದಗಿರಿಯಲ್ಲಿ ಸಿಗದಿದ್ದರೆ ಕಲಬುರಗಿಯ ದಾಖಲೆ ಕೊಠಡಿಯಲ್ಲಿ ಕೇಳಿ. ಹುಡುಕುವಾಗ 'ಗುಲಬರ್ಗಾ ಜಿಲ್ಲೆ' ಅಂತಲೇ ಬರೆಯಿರಿ. 2014ಕ್ಕೂ ಮುಂಚಿನ ಕಾಗದದಲ್ಲಿ ಇರುವುದು ಆ ಹೆಸರೇ. ವಡಗೇರಾ, ಹುಣಸಗಿ, ಗುರುಮಠಕಲ್‌ನವರು ಹಳೆ ತಾಲ್ಲೂಕಿನ ಕಚೇರಿಯನ್ನೂ ಬಿಡಬೇಡಿ.

ಜೊತೆಗೆ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಯಾರಿಗಾದರೂ ಮಾರಿದ್ದರೆ, ಅಡ ಇಟ್ಟಿದ್ದರೆ ಅದರಲ್ಲಿ ಬರುತ್ತದೆ.

ಹಂತ 4: ಜಾಗ ಬರುವ ದಾರಿ ಯಾವುದು ಅಂತ ತೀರ್ಮಾನಿಸಿ

ಸರ್ಕಾರಿ ಜಮೀನು ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಖಾಲಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಒಮ್ಮೆ ಕಾಯ್ದಿರಿಸಿದರೆ ಅವರ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಪ್ರಸ್ತಾವ ಹೋಗಬೇಕಾದ್ದು ಜಿಲ್ಲಾ ಆರೋಗ್ಯಾಧಿಕಾರಿಯಿಂದ. ಜನರ ಮನವಿ ಎಷ್ಟೇ ಸಹಿ ಇದ್ದರೂ ಬೆಂಬಲಕ್ಕೆ ಮಾತ್ರ. ಆದ್ದರಿಂದ ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲೂ ಒಂದು ಠರಾವು ಮಾಡಿಸಿ, ಎರಡನ್ನೂ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ಅಲ್ಲಿಂದ ಜಿಲ್ಲಾಧಿಕಾರಿಗೆ, ಅವರಿಂದ ತಹಶೀಲ್ದಾರ್ ವರದಿಗೆ, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ಪಂಚನಾಮೆಗೆ, ಸರ್ವೆ ನಕ್ಷೆಗೆ ಫೈಲು ಇಳಿದು ಮತ್ತೆ ಮೇಲೆ ಹತ್ತುತ್ತದೆ. ಪ್ರತಿ ಮೇಜಿನ ಇನ್‌ವರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಹೇಳಿ ಕೇಳಿದರೆ ಹುಡುಕಿಕೊಡುತ್ತಾರೆ, 'ನಮ್ಮೂರ ಆಸ್ಪತ್ರೆ ಫೈಲು' ಅಂದರೆ ನಾಳೆ ಬನ್ನಿ ಅನ್ನುತ್ತಾರೆ.

ಜಮೀನು ಗಾಯರಾಣ ಆಗಿದ್ದರೆ ದನದ ಲೆಕ್ಕ ಬರುತ್ತದೆ. 100 ದನಕ್ಕೆ 30 ಎಕರೆ ಮೇವಿನ ಜಾಗ ಉಳಿಯಬೇಕು ಅನ್ನುವ ನಿಯಮ ಇದೆ. ದನಗಾಹಿಗಳ ಜೊತೆ ಮೊದಲೇ ಕೂತು ಮಾತಾಡಿ. ಕೆರೆ ಅಂಗಳ ಎಷ್ಟು ಅಗಲ ಖಾಲಿ ಬಿದ್ದಿದ್ದರೂ ಅದರ ಆಸೆ ಬಿಡಿ.

ಊರಿನೊಳಗೆ, ಅಂದರೆ ಕಲಬುರಗಿ, ಬೀದರ್, ಯಾದಗಿರಿಯ ಹೊಸ ಬಡಾವಣೆಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಸಿಎ (ನಾಗರಿಕ ಸೌಲಭ್ಯ) ನಿವೇಶನ ಕೇಳಬಹುದು. ಆದರೆ ಅದು ಸಾಮಾನ್ಯವಾಗಿ ಗುತ್ತಿಗೆ ಮೇಲೆ ಬರುತ್ತದೆ. ಅವಧಿ ಎಷ್ಟು, ನವೀಕರಣ ಯಾರ ಜವಾಬ್ದಾರಿ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಖಾಸಗಿ ಜಮೀನು ಬಿಟ್ಟರೆ ಗತಿಯಿಲ್ಲ ಅಂದಾಗ 2013ರ ಭೂಸ್ವಾಧೀನ ಕಾಯ್ದೆ ಇದೆ. ಮಾರುಕಟ್ಟೆ ಬೆಲೆ ಆಧರಿಸಿದ ಪರಿಹಾರಕ್ಕೆ ಶೇ 100 ಸೊಲೇಷಿಯಂ (ಹೆಚ್ಚುವರಿ ಸಾಂತ್ವನ ಮೊತ್ತ) ಸೇರುತ್ತದೆ, ಹಾಗಾಗಿ ಸರ್ಕಾರ ಈ ದಾರಿಗೆ ಬೇಗ ಬರುವುದಿಲ್ಲ. ಆ ಕಾಯ್ದೆಯಲ್ಲಿ ಒಂದು ಗಮನಿಸುವ ಅಂಶ: ಸಾರ್ವಜನಿಕ ಉದ್ದೇಶದ ಮೂಲಸೌಕರ್ಯದ ಪಟ್ಟಿಯಿಂದ ಖಾಸಗಿ ಆಸ್ಪತ್ರೆಯನ್ನು ಬಿಡಿಸಿ ಹೇಳಿ ಹೊರಗಿಟ್ಟಿದ್ದಾರೆ. ರೈತರ ಜಮೀನು ಆಸ್ಪತ್ರೆ ಹೆಸರಲ್ಲಿ ಹೋಗುತ್ತಿದ್ದರೆ ಅದನ್ನು ನಡೆಸುವವರು ಯಾರು ಅಂತ ಆಗಲೇ ಕೇಳಿ.

ದಾನದ ಜಾಗ: ಮೊಳ ಹಾಕಿ ನೋಡಿ

ನಮ್ಮ ಹಳ್ಳಿಗಳಲ್ಲಿ ನಿಜವಾಗಿ ನಡೆಯುವುದು ದಾನ. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ' ಅಂತ ಗಾದೆ ಇದೆ. ಆಸ್ಪತ್ರೆ ಜಾಗದ ವಿಷಯದಲ್ಲಿ ಮೊಳ ಹಾಕಲೇಬೇಕು, ಅದೂ ದಾನಿಯ ಎದುರಿಗೇ.

ಬಾಯಿ ಮಾತು ನಡೆಯುವುದಿಲ್ಲ. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೂ ನಡೆಯುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಸ್ಥಿರಾಸ್ತಿಯ ದಾನಪತ್ರಕ್ಕೆ ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ, ನೋಂದಣಿ ಮೂರೂ ಬೇಕು. ದಾನ ಪಡೆಯುವವರು ದಾನಿ ಬದುಕಿರುವಾಗಲೇ ಒಪ್ಪಿಕೊಂಡಿರಬೇಕು. ಮುಸ್ಲಿಂ ಕಾನೂನಿನಲ್ಲಿ ಹಿಬಾ (ದಾನ) ಬಾಯಿಮಾತಿನಲ್ಲೂ ಸಲ್ಲುತ್ತದೆ, ಸ್ವಾಧೀನ ಕೊಟ್ಟಿರಬೇಕು ಅಷ್ಟೇ. ಆದರೂ ಮೂವತ್ತು ವರ್ಷದ ನಂತರ ಅದನ್ನು ಸಾಬೀತು ಮಾಡುವವರು ಯಾರು? ಅವರಿಂದಲೂ ನೋಂದಾಯಿತ ಪತ್ರವನ್ನೇ ಮಾಡಿಸಿ.

ಪತ್ರ ಯಾರ ಹೆಸರಿಗೆ? ತಾಲ್ಲೂಕು ಆಸ್ಪತ್ರೆ, ಸಮುದಾಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ಸೇರಿದವು. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಯ ಅಡಿಯ ಸ್ವಾಯತ್ತ ಸಂಸ್ಥೆಗಳು. ತಪ್ಪು ಇಲಾಖೆಯ ಹೆಸರು ಬಿದ್ದರೆ ಎರಡು ಇಲಾಖೆಗಳ ನಡುವಿನ ಪತ್ರ ವ್ಯವಹಾರಕ್ಕೇ ವರ್ಷಗಳು ಹೋಗುತ್ತವೆ. ಊರ ಟ್ರಸ್ಟ್ ಹೆಸರಿಗೆ, ಗ್ರಾಮ ಪಂಚಾಯಿತಿ ಸದಸ್ಯರ ಹೆಸರಿಗೆ, 'ಊರ ಹಿರೇರು' ಹೆಸರಿಗೆ ಅಂತೂ ಬೇಡವೇ ಬೇಡ.

ದಾನಿಗೆ ಕೊಡುವ ಹಕ್ಕು ಪೂರ್ತಿ ಇದೆಯಾ ನೋಡಿ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ವಂಶವೃಕ್ಷ ತರಿಸಿ, ಎಲ್ಲ ಹಕ್ಕುದಾರರ ಸಹಿ ಹಾಕಿಸಿ. ಅದರಲ್ಲಿ ಹೆಣ್ಣುಮಕ್ಕಳೂ ಸೇರಬೇಕು. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹೆರಿಗೆ ಆಸ್ಪತ್ರೆಯ ದಾನಪತ್ರದಲ್ಲಿ ಒಬ್ಬ ಹೆಣ್ಣುಮಗಳ ಸಹಿಯೂ ಇಲ್ಲದ್ದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ವರ್ಗಾವಣೆ ಅಸಿಂಧು, ದಾನವಾದರೂ ಅಷ್ಟೇ.

ಷರತ್ತು ಇದೆಯಾ ನೋಡಿ. 'ಅಪ್ಪನ ಹೆಸರು ಇಡಬೇಕು' ಅನ್ನುವುದಕ್ಕೆ ತಕರಾರಿಲ್ಲ. 'ಐದು ವರ್ಷದಲ್ಲಿ ಕಟ್ಟದಿದ್ದರೆ ಜಮೀನು ವಾಪಸ್' ಅಂತ ಇದ್ದರೆ ಯೋಚಿಸಿ. ಇಬ್ಬರೂ ಒಪ್ಪಿ ಬರೆದ ಇಂಥ ಷರತ್ತಿನ ಮೇಲೆ ದಾನ ರದ್ದಾಗಲು ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಕಡೆ ಟೆಂಡರ್ ನಡೆಯುವ ವೇಗ ನಿಮಗೇ ಗೊತ್ತು.

ಇನ್ನು ದಾರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಜನ ರಸ್ತೆ ಪಕ್ಕದ ಹೊಲ ಇಟ್ಟುಕೊಂಡು ಹಿಂದಿನ ತುಂಡು ದಾನ ಕೊಡುತ್ತಾರೆ. ಆಸ್ಪತ್ರೆ ಬಂದರೆ ಮುಂದಿನ ಹೊಲಕ್ಕೆ ಬೆಲೆ ಬರುತ್ತದೆ, ಅದು ತಪ್ಪೇನಲ್ಲ. ಆದರೆ ರಸ್ತೆಯಿಂದ ಆಸ್ಪತ್ರೆಗೆ ಹೋಗುವ ಪಟ್ಟಿ ದಾನಪತ್ರದಲ್ಲಿ ಇಲ್ಲದಿದ್ದರೆ ಮುಂದೆ ಅದೇ ಜಗಳ. ಇವತ್ತು ದಾನಿ ಬಿಡುತ್ತಾನೆ, ನಾಳೆ ಆ ಹೊಲ ಕೊಂಡವನು ತಂತಿಬೇಲಿ ಹಾಕುತ್ತಾನೆ. ಎರೆ ನೆಲದಲ್ಲಿ ಮಳೆಗಾಲಕ್ಕೆ ಪಕ್ಕದಿಂದ ದಾಟಿಸುತ್ತೇವೆ ಅಂದರೆ 108 ಗಾಡಿ ಅರ್ಧ ಗಾಲಿ ಹೂತು ನಿಲ್ಲುತ್ತದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ದಾರಿಗೆ ಅಷ್ಟೇ ಅಗಲದ ಪಟ್ಟಿ ಕೇಳಿ. ಎರಡು ಗಾಡಿ ಎದುರುಬದುರಾಗಿ ದಾಟಬೇಕು, ಚರಂಡಿಗೂ ಜಾಗ ಉಳಿಯಬೇಕು. ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಮಾಡಿಸುವ 11ಇ ನಕ್ಷೆಯಲ್ಲಿ (ಜಮೀನಿನ ಒಂದು ಭಾಗ ವರ್ಗಾಯಿಸುವ ಮುಂಚಿನ ಅಳತೆ ನಕ್ಷೆ) ಆ ಪಟ್ಟಿಯನ್ನೂ ಸೇರಿಸಿ ಅಳೆಸಿ, ದಾನಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ) ಅದನ್ನೇ ಬರೆಸಿ.

ಹಂತ 5: ಅಡಿಪಾಯಕ್ಕೂ ಮುಂಚೆ

ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ ಕಲ್ಲು ನೆಡಿಸಿ. ಅಕ್ಕಪಕ್ಕದ ಹೊಲದವರಿಗೆ ನೋಟಿಸ್ ಹೋಗಿರಬೇಕು, ಅವರು ಬಂದು ನಿಂತಿದ್ದರೆ ಇನ್ನೂ ಒಳ್ಳೆಯದು. ಭೀಮಾ, ಕೃಷ್ಣಾ ದಡದ ಊರುಗಳಲ್ಲಿ ಹೊಳೆ ಬಂದಾಗ ನೀರು ಎಲ್ಲಿಯ ತನಕ ಏರಿತ್ತು ಅಂತ ಹಿರಿಯರನ್ನು ಕೇಳಿ, ನಕ್ಷೆಯಲ್ಲಿ ಅದು ಇರುವುದಿಲ್ಲ.

ಹಳೆ ಸ್ಮಾರಕಗಳಿರುವ ಕಡೆ ಇನ್ನೊಂದು ಅಡ್ಡಿ. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಬೀದರ್ ಕೋಟೆ, ಗವಾನ್ ಮದರಸಾ, ಕಲಬುರಗಿ ಕೋಟೆ ಸುತ್ತಮುತ್ತ ಸರ್ಕಾರಿ ಜಾಗ ಖಾಲಿ ಕಂಡರೂ ಆಸ್ಪತ್ರೆಗೆ ಸಿಗುತ್ತದೆ ಅಂದುಕೊಳ್ಳಬೇಡಿ.

ಆಸ್ಪತ್ರೆ ಇದೆ, ಕಾಗದ ಇಲ್ಲ. ಈಗೇನು?

'ನಲವತ್ತು ವರ್ಷದಿಂದ ಇಲ್ಲೇ ಹೆರಿಗೆ ಆಗ್ತಿವೆ, ಜಾಗ ಸರ್ಕಾರದ್ದೇ' ಅನ್ನುವ ವಾದ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನಾಗರಿಕರ ಜಮೀನಿನ ಮೇಲೆ ಸರ್ಕಾರ ಪ್ರತಿಕೂಲ ಸ್ವಾಧೀನದ (ಬಹುಕಾಲ ಅನುಭವಿಸಿದ್ದರಿಂದ ಬರುವ) ಹಕ್ಕು ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿದ್ಯಾದೇವಿ ಪ್ರಕರಣದಲ್ಲಿ ಹೇಳಿದೆ. ಅದು ನ್ಯಾಯವೇ. ಹಾಗಾಗಿ ವಾರಸುದಾರರ ಜೊತೆ ಕೂತು ಮಾತಾಡಿ. ಎಲ್ಲರೂ ಸೇರಿ ಒಂದು ನೋಂದಾಯಿತ ದಾನಪತ್ರ ಮಾಡಿಕೊಟ್ಟರೆ ಮುಗಿಯಿತು. ಒಪ್ಪದಿದ್ದರೆ ಪರಿಹಾರ ಕೊಟ್ಟು ತೆಗೆದುಕೊಳ್ಳುವಂತೆ ಇಲಾಖೆಗೆ ಬರೆಸಿ.

ಕಟ್ಟಡ ಗಾಯರಾಣದ ಮೇಲಿದ್ದರೆ ಅಷ್ಟು ಭಯ ಬೇಡ. ಊರ ಸಾಮೂಹಿಕ ಜಮೀನು ತೆರವು ಮಾಡಿಸಿ ಅಂತ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಈಗಾಗಲೇ ಶಾಲೆ, ಔಷಧಾಲಯದಂಥ ಸಾರ್ವಜನಿಕ ಸೌಲಭ್ಯ ಇರುವ ಕಡೆ ಸಕ್ರಮಕ್ಕೆ ಅವಕಾಶ ಇಟ್ಟಿದೆ. 71ನೇ ಕಲಂ ಆದೇಶಕ್ಕೆ ಪ್ರಸ್ತಾವ ಕಳಿಸಿ.

ಆಸ್ಪತ್ರೆಯ ಸರ್ಕಾರಿ ಜಾಗವನ್ನೇ ಯಾರಾದರೂ ಒತ್ತಿಕೊಂಡಿದ್ದರೆ ತಡ ಮಾಡಬೇಡಿ. ಸರ್ಕಾರಿ ಜಮೀನು ವಾಪಸ್ ಪಡೆಯಲು ದಾವೆ ಹೂಡುವ ಕಾಲಮಿತಿ 30 ವರ್ಷ. ಜಾಸ್ತಿ ಅನಿಸಿದರೂ ಅರ್ಧ ಆಗಲೇ ಕಳೆದಿರುತ್ತದೆ.

ಕಾಗದ ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 'ಯಾಕೆ ಮಾಡಿಲ್ಲ' ಅಂತ ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆದರೆ ಸಾಕು:

*'… ತಾಲ್ಲೂಕು … ಗ್ರಾಮದ ಸರ್ವೆ ನಂಬರ್ …ರಲ್ಲಿರುವ ಸರ್ಕಾರಿ ಆಸ್ಪತ್ರೆಯ ಜಾಗಕ್ಕೆ ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಕೊಡಿ: ಜಾಗ ಕಾಯ್ದಿರಿಸಿದ ಅಥವಾ ಮಂಜೂರು ಮಾಡಿದ ಆದೇಶ, ದಾನಪತ್ರ, ಜಾಗವನ್ನು ಇಲಾಖೆಗೆ ಹಸ್ತಾಂತರಿಸಿದ ಪತ್ರ, ಹದ್ದುಬಸ್ತು ನಕ್ಷೆ, ಒತ್ತುವರಿ ಕುರಿತು ಕಚೇರಿಗಳ ನಡುವೆ ನಡೆದ ಪತ್ರ ವ್ಯವಹಾರ.'*

ತಹಶೀಲ್ದಾರ್ ಕಚೇರಿಗೊಂದು, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೊಂದು ಹಾಕಿ. 'ನಮ್ಮಲ್ಲಿಲ್ಲ' ಅಂತ ವಾಪಸ್ ಕಳಿಸುವ ಹಾಗಿಲ್ಲ, ಯಾರ ಹತ್ತಿರ ಇದೆಯೋ ಅವರಿಗೆ 5 ದಿನದಲ್ಲಿ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ.

ಹಂತ 6: ಪತ್ರ ಆದ ಮೇಲೆ

ನೋಂದಣಿ ಅಥವಾ ಆದೇಶ ಆದ ದಿನ ಸಿಹಿ ಹಂಚಿ ಸುಮ್ಮನಾಗಿಬಿಡುತ್ತಾರೆ. ಮ್ಯುಟೇಷನ್ ಆಗಿ ಕಾಲಂ 9ರಲ್ಲಿ ಇಲಾಖೆಯ ಹೆಸರು ಬರುವ ತನಕ ಬೆನ್ನು ಬಿಡಬೇಡಿ. ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿನ ಜಾಗವಾದರೆ ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆಯಲ್ಲೂ ಏರಿಸಿ.

ಆಸ್ಪತ್ರೆಯನ್ನು ಮುಂದೆ ಯಾರಾದರೂ ಖಾಸಗಿಯವರು ನಡೆಸಲು ಬಂದರೆ ಈ ಹೆಸರೇ ಕೈಹಿಡಿಯುವುದು. ರಾಯಚೂರಿನ ಒಪೆಕ್ ಆಸ್ಪತ್ರೆಯನ್ನು ಖಾಸಗಿ ಸಂಸ್ಥೆಯೊಂದು ಒಪ್ಪಂದದ ಮೇಲೆ ನಡೆಸುತ್ತಿತ್ತು. 2012ರಲ್ಲಿ ಒಪ್ಪಂದ ಮುಗಿದಾಗ ಆಸ್ಪತ್ರೆ ಸರ್ಕಾರದ ಕೈಗೆ ಮರಳಿತು. ನಡೆಸುವವರು ಬದಲಾಗಬಹುದು, ಜಮೀನು ಮಾತ್ರ ಸರ್ಕಾರದ ಹೆಸರಲ್ಲೇ ಇರಬೇಕು.

ಕಾಂಪೌಂಡು ಕಟ್ಟಡಕ್ಕಿಂತ ಮೊದಲು ಏಳಲಿ. ಬೋರ್ಡಿನ ಮೇಲೆ ಶಾಸಕರ ಹೆಸರಿನ ಕೆಳಗೆ ಸರ್ವೆ ನಂಬರ್, ಎಕರೆ-ಗುಂಟೆ, ಆದೇಶದ ನಂಬರ್ ಕೂಡ ಬರೆಸಿ. ಪಹಣಿ, ದಾನಪತ್ರ ಅಥವಾ ಆದೇಶ, 11ಇ ನಕ್ಷೆ, ಹದ್ದುಬಸ್ತು, ಇಸಿ, ಎರಡೂ ಠರಾವುಗಳ ಒಂದೊಂದು ಸೆಟ್ ಆಸ್ಪತ್ರೆಯಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ಇರಲಿ. ವೈದ್ಯಾಧಿಕಾರಿ ವರ್ಗವಾಗಿ ಹೋಗುವಾಗ ಕಪಾಟಿನ ಕೀಲಿ ಯಾರಿಗೆ ಕೊಟ್ಟರು ಅಂತ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೊಬ್ಬರು ನೋಡಿಕೊಳ್ಳಲಿ. ವರ್ಷಕ್ಕೊಮ್ಮೆ ಹೊಸ ಪಹಣಿ ತೆಗೆಸಿ ಸಮಿತಿಯ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ.